ನರ್ಸ್‌ಗಳಿಗೆ ಇಂಗ್ಲಿಷ್ ಮಾತು: ಬಾಯಿಪಾಠ ಬೇಡ, ಅರ್ಧ ಚೀಟಿ ಕೊಡಿ

ಕಲಬುರಗಿಯ ವಾರ್ಡುಗಳಲ್ಲಿ ರೋಗಿಯ ಜೊತೆ ಮಾತು ಕನ್ನಡದಲ್ಲೋ ಉರ್ದುವಿನಲ್ಲೋ ನಡೆದುಹೋಗುತ್ತದೆ. ಇಂಗ್ಲಿಷ್ ಬೇಕಾಗುವುದು ಶಿಫ್ಟ್ ಬದಲಾಗುವಾಗ, ರಾತ್ರಿ ಡಾಕ್ಟರ್‌ಗೆ ಫೋನ್ ಮಾಡುವಾಗ, ಹೈದರಾಬಾದಿಗೋ ಸೊಲ್ಲಾಪುರಕ್ಕೋ ರೋಗಿಯನ್ನು ಕಳಿಸುವಾಗ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನರ್ಸ್‌ಗಳಿಗೂ ರೋಗ, ಔಷಧಿಗಳ ಹೆಸರು ಇಂಗ್ಲಿಷಿನಲ್ಲೇ ಗೊತ್ತಿರುತ್ತವೆ. ತಡವರಿಸುವುದು ಎದುರಿನವರು ಮರುಪ್ರಶ್ನೆ ಕೇಳಿದಾಗ.

ಹಾಗಾಗಿ ಇಂಗ್ಲಿಷ್ ಕಲಿಸುವವರೇ, ಸಂಭಾಷಣೆ ಉರು ಹೊಡೆಸಬೇಡಿ. ಉತ್ತರ ಮೊದಲೇ ಗೊತ್ತಿದ್ದರೆ ಕೇಳುವುದಾದರೂ ಯಾಕೆ, ಅಲ್ವಾ?

ಮೊದಲು ಒಂದು ಕೇಸ್ ಶೀಟ್ ಬರೆದು ಎರಡು ಚೀಟಿ ಮಾಡಿ, ಇಬ್ಬರಿಗೆ ಒಂದೊಂದು ಕೊಡಿ. ತೊಗರಿಗೆ ಕೀಟನಾಶಕ ಹೊಡೆಯುವಾಗ ಕುಸಿದ ಆಳಂದದ ರೈತ ಎಂದುಕೊಳ್ಳಿ. ಒಂದು ಚೀಟಿಯಲ್ಲಿ ವಯಸ್ಸು, ಯಾವ ಕೀಟನಾಶಕ, ಎಷ್ಟು ಹೊತ್ತಾಯಿತು. ಇನ್ನೊಂದರಲ್ಲಿ ನಾಡಿ, ಬಿಪಿ, ಕಣ್ಣಿನ ಪಾಪೆ. ಚೀಟಿ ತೋರಿಸುವಂತಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಕೇಳಿ ಕೇಳಿಯೇ ಪೂರ್ತಿ ಶೀಟ್ ತುಂಬಬೇಕು.

ಆಮೇಲೆ ಮೂವರ ಆಟ. ನನಗೆ ಹೆಚ್ಚು ಇಷ್ಟವಾದದ್ದು ಇದು. ರೋಗಿಯಾದವರು ಊರ ಮಾತಿನಲ್ಲೇ ಹೇಳಲಿ: ‘ಕಣ್ಣು ಮಂಜ ಮಂಜ ಆಗ್ಯಾವ್ರಿ, ಬಾಯಾಗ ಜೊಲ್ಲು ನಿಂದ್ರವಲ್ದು.’ ನರ್ಸ್ ಕನ್ನಡದಲ್ಲಿ ವಿಚಾರಿಸಿ, ಡಾಕ್ಟರ್ ಆದವರಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಬೇಕು. ವಾರ್ಡಿನಲ್ಲಿ ದಿನಾ ನಡೆಯುವುದೂ ಇದೇ ತಾನೆ.

ವರದಿಗೆ ಎಸ್‌ಬಿಎಆರ್ ಕ್ರಮ ಕಲಿಸಿ: ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಕ್ರಮವಿದು. ಕೊನೆಯ ಭಾಗದಲ್ಲಿ ಹೊಸಬರು ಸುಮ್ನೆ ನಿಂತುಬಿಡುತ್ತಾರೆ. ದೊಡ್ಡ ಡಾಕ್ಟರಿಗೆ ‘ಈಗಲೇ ಬನ್ನಿ’ ಎನ್ನಲು ಭಾಷೆಗಿಂತ ಧೈರ್ಯ ಬೇಕು. ಅದನ್ನೇ ಜಾಸ್ತಿ ಆಡಿಸಿ.

ಫೋನ್ ಅಭ್ಯಾಸಕ್ಕೆ ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಡೋಸ್ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಲಿ. ‘ಫಿಫ್ಟೀನ್’, ‘ಫಿಫ್ಟಿ’ ಕಿವಿಗೆ ಒಂದೇ ಥರ ಬೀಳುತ್ತವೆ. ‘ಒನ್ ಫೈವ್’ ಎಂದು ಬಿಡಿಸಿ ಹೇಳುವ ರೂಢಿ ಬರಲಿ.

ಮಾತಿನ ನಡುವೆ ವ್ಯಾಕರಣ ತಿದ್ದಬೇಡಿ, ಬರೆದಿಟ್ಟುಕೊಳ್ಳಿ. ಆಟ ಮುಗಿದ ಮೇಲೆ ಎರಡು ಮೂರು ತಪ್ಪು ಹೇಳಿ, ಅದೇ ಕೇಸನ್ನು ಜೋಡಿ ಬದಲಿಸಿ ಮತ್ತೆ ಆಡಿಸಿ.

ವಿದೇಶಕ್ಕೆ ಹೊರಟವರು ಬರೆಯುವ, ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಅಳೆಯುವ ಒಇಟಿ ಪರೀಕ್ಷೆಯಲ್ಲೂ ಸುಮಾರು 5 ನಿಮಿಷದ 2 ರೋಲ್‌ಪ್ಲೇ ಇರುತ್ತವೆ. ಅಲ್ಲಿ ರೋಗಿ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಅಂಥವರಿಗೆ ಗಡಿಯಾರ ಇಟ್ಟು ಆಡಿಸಿ. ರೋಗಿಯ ಪಾತ್ರಕ್ಕೆ ಕ್ಲಾಸಿನ ಗೆಳತಿ ಬೇಡ, ಪರಿಚಯವಿಲ್ಲದವರು ಸಿಕ್ಕರೆ ಒಳ್ಳೆಯದು.