ರಶೀದಿ ಮೊದಲು, ನೋಟು ಆಮೇಲೆ: ಡೆಟ್ರಾಯಿಟ್ ಫ್ರೇಮ್ ಕಟ್ಟಿದ ನನ್ನ ಅನುಭವ

ಹೋದ ವರ್ಷ ಹಳೇ ನೋಟು, ಕಾಗದ ಸಂಗ್ರಾಹಕರ ಪ್ರದರ್ಶನದಲ್ಲಿ ನನ್ನ ಹದಿನಾರು ಹಾಳೆಯ ಫ್ರೇಮ್‌ಗೆ ಬೆಳ್ಳಿ ಪದಕ ಬಂತು. ಫ್ರೇಮ್ ಎಂದರೆ ಸಂಗ್ರಹದ ಕಾಗದಗಳನ್ನು ಒಂದು ಕತೆಯಾಗಿ ಜೋಡಿಸಿಟ್ಟ ಫಲಕ. ನನ್ನದರಲ್ಲಿದ್ದದ್ದು ಅಮೆರಿಕದ ಡೆಟ್ರಾಯಿಟ್ ನಗರದ ಹಳೇ ಕಂದಾಯ ರಶೀದಿ, ಜೊತೆಗೆ ಮೂರು ಸ್ಕ್ರಿಪ್ ನೋಟು. ಅದೇನು ಮಹಾ ಪದಕ ಅಲ್ಲ, ಗೊತ್ತು. ಆದರೆ ನಾಲ್ಕು ವರ್ಷದಿಂದ "ಕಂದಾಯ ರಶೀದಿ ಯಾರ್ರೀ ನೋಡ್ತಾರೆ?" ಎಂದು ನಗುತ್ತಿದ್ದವರೇ ಅವತ್ತು ಕನ್ನಡಕ ಏರಿಸಿ ಬಗ್ಗಿ ಓದುತ್ತಿದ್ದರು. ಬಸವನಗುಡಿಯ ಹಿರಿಯರೊಬ್ಬರು ಎರಡು ಸಲ ಬಂದು ನೋಡಿದರು. ಎರಡನೇ ಸಲ ಮೊಬೈಲ್‌ನಲ್ಲಿ ಫೋಟೋ ಬೇರೆ ತೆಗೆದುಕೊಂಡರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದ್ದು.

ಸ್ಕ್ರಿಪ್ ಎಂದರೆ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೈಲಿ ಕಾಸಿಲ್ಲದ ಅಮೆರಿಕದ ಊರುಗಳು ಸಂಬಳದ ಬದಲು ಹಂಚಿದ ಚೀಟಿ. ಎಲ್ಲರ ಹಾಗೆ ನಾನೂ ಚಂದದ ನೋಟಿನ ಹಿಂದೆ ಬಿದ್ದೆ. ಸರಿಯಾಗಿ ಪೆಟ್ಟು ತಿಂದೆ.

ಮೊದಲ ಪೆಟ್ಟು ಅಮೆರಿಕದ್ದಲ್ಲ, ಇಂಥದ್ದೇ ಚೀಟಿ ಹೊರಡಿಸಿದ ಆಸ್ಟ್ರಿಯಾದ ವೋರ್ಗಲ್ ಊರಿನದ್ದು. 1932ರಲ್ಲಿ ಅಲ್ಲಿನ ಮೇಯರ್ ಉಂಟರ್‌ಗುಗೆನ್‌ಬರ್ಗರ್ ಹೊರಡಿಸಿದ ಚೀಟಿಗೆ ತಿಂಗಳಿಗೆ ನೂರಕ್ಕೆ ಒಂದರಂತೆ ಸ್ಟಾಂಪ್ ಅಂಟಿಸಬೇಕಿತ್ತು. ಇಲ್ಲದಿದ್ದರೆ ಬೆಲೆ ಇಳಿಯುತ್ತಿತ್ತು. ಹಾಗಾಗಿ ಯಾರೂ ಅದನ್ನು ಇಟ್ಟುಕೊಳ್ಳಲಿಲ್ಲ, ಓಡಿ ಬಂದು ಹಳೇ ತೆರಿಗೆ ಬಾಕಿ ಕಟ್ಟಿದರು. ಮರುವರ್ಷ ಅಲ್ಲಿನ ಕೇಂದ್ರ ಬ್ಯಾಂಕು ನಿಲ್ಲಿಸಿಬಿಟ್ಟಿತು. ಇಂಥ ಕತೆ ಇರುವ ನೋಟು ಯಾರಿಗೆ ಬೇಡ? ಆನ್‌ಲೈನ್‌ನಲ್ಲಿ ಒಬ್ಬನ ಹತ್ತಿರ ಸುಮಾರು 22 ಸಾವಿರಕ್ಕೆ ತೆಗೆದುಕೊಂಡೆ. ಮನೆಯಲ್ಲಿ 12 ಅಂತ ಹೇಳಿದ್ದೆ. ಬಂದ ದಿನವೇ ಯು.ವಿ. ಲೈಟ್ ಕೆಳಗೆ ಇಟ್ಟೆ. ಕಾಗದ ಮದುವೆ ಮನೆ ಪಂಚೆ ಥರ ಬೆಳ್ಳಗೆ ಹೊಳೆಯಿತು. ಆ ಹೊಳಪಿನ ರಾಸಾಯನಿಕ ಕಾಗದಕ್ಕೆ ಬಂದದ್ದೇ ಯುದ್ಧ ಮುಗಿದ ಮೇಲೆ. ಲೂಪ್ (ಭೂತಗನ್ನಡಿ) ಹಿಡಿದರೆ ಅಂಟಿಸಿದ ಸ್ಟಾಂಪುಗಳೂ ಚುಕ್ಕಿ ಚುಕ್ಕಿ, ಬೆರಳಿಗೆ ಅಂಚು ತಾಕುವುದೇ ಇಲ್ಲ! ಅಂದರೆ ಸ್ಟಾಂಪೂ ನೋಟಿನ ಜೊತೆಗೇ ಅಚ್ಚು ಹಾಕಿದ್ದು, ಇಡೀ ನೋಟೇ ನಕಲಿ. ಮಾರಿದವನು ಉತ್ತರ ಕೊಡಲಿಲ್ಲ. ಆ ನೋಟು ಈಗ ನನ್ನ ಮೇಜಿನ ಗಾಜಿನ ಕೆಳಗಿದೆ. ಹೊಸಬರಿಗೆ ತೋರಿಸಲು ಚೆನ್ನಾಗಿದೆ.

ಎರಡನೆಯದು ಶಿಕಾಗೋ. ಅಲ್ಲಿ 1928ರಲ್ಲಿ ಆಸ್ತಿಗಳ ಮೌಲ್ಯವನ್ನು ಹೊಸದಾಗಿ ಕಟ್ಟಲು ಹೊರಟು ತೆರಿಗೆ ಬಿಲ್ಲುಗಳೇ ತಡವಾದವು. ಅಷ್ಟರಲ್ಲಿ ಕುಸಿತ ಬಂತು. ಆಮೇಲೆ ಆಸ್ತಿ ಮಾಲೀಕರು ತೆರಿಗೆ ಕಟ್ಟುವುದಿಲ್ಲ ಎಂದು ಮುಷ್ಕರ ಹೂಡಿದರು. ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ, ಮುಂದೆ ಬರುವ ತೆರಿಗೆಯ ಮೇಲೆ ಬರೆದ ವಾರಂಟ್ (ಆಮೇಲೆ ಹಣ ಕೊಡುತ್ತೇವೆ ಎಂಬ ಚೀಟಿ) ಕೈಗಿಟ್ಟರು. ಅಂಥ ಒಂಬತ್ತು ವಾರಂಟ್ ಸೇರಿಸಿ ಫ್ರೇಮ್ ಮಾಡಿದೆ, ಹದಿನೈದು ಸಾವಿರದ ಹತ್ತಿರ ಆಯಿತು. ಜ್ಯೂರಿಯವರು ಒಂದೇ ಮಾತು ಕೇಳಿದರು: "ಶೀರ್ಷಿಕೆ ನಗರಸಭೆ ಅಂತಿದೆ, ಕಾಗದ ಶಾಲಾ ಮಂಡಳಿಯದ್ದಲ್ವಾ?" ಹೌದು. ಎರಡರ ತೆರಿಗೆಯೂ ಬೇರೆ, ಸಾಲವೂ ಬೇರೆ. ನಾನು ನೋಡಿರಲೇ ಇಲ್ಲ. ಪದಕ ಇರಲಿ, ಆ ದಿನದ ಊಟವೂ ರುಚಿಸಲಿಲ್ಲ.

ರಶೀದಿಯ ಯೋಚನೆ ಬಂದದ್ದು ಸುಮ್ನೆ ಕೂತಾಗ. ಒಟ್ಟಿಗೆ ಕೊಂಡ ಒಂದು ಕಂತೆಯಲ್ಲಿ ನೋಟಿನ ಜೊತೆ ಡೆಟ್ರಾಯಿಟ್‌ನ ನಾಲ್ಕು ಮನೆ ಕಂದಾಯ ರಶೀದಿ ಪುಕ್ಕಟೆ ಬಂದಿದ್ದವು. ಬಿಲ್ಲಿನ ವರ್ಷ 1931. ಹಣ ಕಟ್ಟಿದ ನೇರಳೆ ಮೊಹರು 1935! ಅರೆ, ಊರು ಯಾಕೆ ಮುಳುಗಿತು ಅನ್ನುವುದು ಇಲ್ಲೇ ಇದೆಯಲ್ಲ. ನೋಟು ಬರೀ ಕಾಯಿಲೆಯ ಲಕ್ಷಣ.

ಅಲ್ಲಿಂದ ತಲೆಕೆಳಗು ಮಾಡಿದೆ. ಮೊದಲು ರಶೀದಿ, ಆಮೇಲೆ ನೋಟು. ರಶೀದಿ ಒಂದಕ್ಕೆ ಎರಡು ಮೂರು ಡಾಲರ್, ಯಾರಿಗೂ ಬೇಡದ ಮಾಲು. ಒಂದು ವರ್ಷದಲ್ಲಿ 62 ಸೇರಿದವು. ಅಂಚೆ ಖರ್ಚೂ ಸೇರಿ 11 ಸಾವಿರ ಇರಬಹುದು. ಇನ್ನೊಂದು ಲಕೋಟೆ, ನಾಲ್ಕು ಸಾವಿರದ್ದು, ದಾರಿಯಲ್ಲೇ ಮಾಯವಾಯಿತು. ಯಾವ ಪದ ಹಾಕಿ ಹುಡುಕುತ್ತೇನೆ ಎಂದು ಮಾತ್ರ ಕೇಳಬೇಡಿ. ಮಾರುವವರು ಇದನ್ನು 'ಕಂದಾಯ' ಎಂಬ ಹೆಸರಲ್ಲಿ ಹಾಕುವುದೇ ಇಲ್ಲ. ಅಷ್ಟು ಸಾಕು.

ಬಿಲ್ಲಿನ ವರ್ಷದ ಪ್ರಕಾರ ಸಾಲಾಗಿ ಜೋಡಿಸಿ, ಕಟ್ಟಿದ ದಿನವನ್ನು ಕೆಳಗೆ ಬರೆದೆ. 1928, 29ರವು ಹೆಚ್ಚುಕಮ್ಮಿ ಎಲ್ಲವೂ ಅದೇ ವರ್ಷ ಕಟ್ಟಿದ್ದು. 1931, 32ರವು ಅರ್ಧಕ್ಕೂ ಜಾಸ್ತಿ 1934ರ ಆಚೆ. ಇದು ನನ್ನ ಕೈಗೆ ಸಿಕ್ಕ ಕಾಗದದ ಲೆಕ್ಕ, ಊರಿನ ಲೆಕ್ಕ ಅಲ್ಲ. ಆದರೆ 1933ರಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಸುಮಾರು ಕಾಲು ಭಾಗ ತೆರಿಗೆ ಬಾಕಿ ಇತ್ತು, ಡೆಟ್ರಾಯಿಟ್‌ನಲ್ಲಿ ಇನ್ನೂ ಹೆಚ್ಚು. ಒಂದೇ ಮನೆಯ ಹದಿಮೂರು ವರ್ಷದ ರಶೀದಿ ಒಟ್ಟಿಗೆ ಸಿಕ್ಕಿದ್ದು ನನ್ನ ಅದೃಷ್ಟ. ಮಿಶಿಗನ್ ರಾಜ್ಯ ಹಳೇ ಬಾಕಿಗೆ ಹತ್ತು ವರ್ಷದ ಕಂತು ಮಾಡಿಕೊಟ್ಟಿತ್ತು. ಆ ಮನೆಯವರು 1932ರ ಬಾಕಿಯನ್ನು ಯುದ್ಧದ ಕಾಲದವರೆಗೂ ಚೂರು ಚೂರೇ ಕಟ್ಟಿದ್ದಾರೆ. ಯಜಮಾನರ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿದ್ದೇನೆ. ಅವರ ಮೊಮ್ಮಕ್ಕಳು ಎಲ್ಲೋ ಇರುತ್ತಾರೆ.

ನೋಟುಗಳ ತಾರೀಖು ಹೊಂದಿಸಲು ನಗರಸಭೆಯ ಮುದ್ರಿತ ನಡಾವಳಿ ಬೇಕಿತ್ತು. ಅಲ್ಲಿ ನಗರಸಭೆಯನ್ನು ಕಾಮನ್ ಕೌನ್ಸಿಲ್ ಎನ್ನುತ್ತಿದ್ದರು, ಒಂಬತ್ತೇ ಸದಸ್ಯರು. ಅಕ್ಕನ ಮಗ ಅಲ್ಲೇ ಹತ್ತಿರ ಕಾರು ಕಂಪನಿಯಲ್ಲಿದ್ದಾನೆ. "ಮಾವ, ಶನಿವಾರ ಪೂರ್ತಿ ಲೈಬ್ರರಿಯಲ್ಲಿ ಕೂರಿಸ್ತೀಯಲ್ಲ" ಎಂದು ಗೊಣಗುತ್ತಲೇ ಮುನ್ನೂರು ಪುಟ ಫೋಟೋ ಹೊಡೆದು ಕಳಿಸಿದ. ಊರಿಗೆ ಬಂದಾಗ ಎರಡು ಕೆ.ಜಿ. ಮೈಸೂರ್ ಪಾಕ್ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆ.

ಕತೆ ಹೀಗೆ ನಿಂತಿತು. 1920ರಲ್ಲಿ ಹತ್ತು ಲಕ್ಷದ ಊರು 1930ಕ್ಕೆ ಹದಿನೈದು ಲಕ್ಷ ದಾಟಿತ್ತು. ರಸ್ತೆ, ಚರಂಡಿ, ನೀರು, ಎಲ್ಲಕ್ಕೂ ಬಾಂಡ್ ಸಾಲ. ಕುಸಿತದಲ್ಲಿ ತೆರಿಗೆ ನಿಂತಿತು, ಬಡ್ಡಿ ನಿಲ್ಲಲಿಲ್ಲ. ವಸೂಲಾದ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲಕ್ಕೇ ಹೋಗುವ ಹಾಗಾಯಿತು. ಮೇಯರ್ ಫ್ರಾಂಕ್ ಮರ್ಫಿ 1932ರಲ್ಲಿ ಬೇರೆ ಊರಿನ ಮೇಯರ್‌ಗಳನ್ನೆಲ್ಲ ಡೆಟ್ರಾಯಿಟ್‌ಗೆ ಕರೆಸಿ, ಕೇಂದ್ರ ಸರ್ಕಾರ ಹಣ ಕೊಡಲಿ ಎಂದು ಒಟ್ಟಾಗಿ ಕೇಳಿಸಿದರು. 1933ರ ಫೆಬ್ರವರಿ 14ರಂದು ಗವರ್ನರ್ ಕಾಮ್‌ಸ್ಟಾಕ್ ರಾಜ್ಯದ ಬ್ಯಾಂಕುಗಳನ್ನೇ ಮುಚ್ಚಿಸಿದರು. ಅದೇ ತಿಂಗಳು ನಗರ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಏಪ್ರಿಲ್‌ಗೆ ಸ್ಕ್ರಿಪ್. ಮೇನಲ್ಲಿ ಮರ್ಫಿ ಮೇಯರ್ ಪಟ್ಟ ಬಿಟ್ಟು ಫಿಲಿಪೀನ್ಸ್‌ಗೆ ಗವರ್ನರ್-ಜನರಲ್ ಆಗಿ ಹೊರಟರು. ಇಷ್ಟಕ್ಕೆ ಸ್ಕ್ರಿಪ್ ನೋಟು ಮೂರೇ ಸಾಕಾದವು. ಅವೂ ರದ್ದಾಗಿ ತೂತು ಬಿದ್ದವು, ಮೂರಕ್ಕೂ ಸೇರಿ 17 ಸಾವಿರ. ತೂತು ಇದ್ದರೇ ಒಳ್ಳೆಯದು ಎನ್ನುವುದು ನನ್ನ ಹಟ. ರದ್ದಾಗಿದೆ ಅಂದರೆ ಊರು ಚೀಟಿಗೆ ಹಣ ಕೊಟ್ಟು ಮಾತು ಉಳಿಸಿಕೊಂಡಿದೆ ಅಂತ.

ಕೆಡಿಸಿದ್ದನ್ನೂ ಹೇಳಬೇಕು. ಆಲ್ಬಮ್‌ಗೆ ಅಂಟಿದ್ದ ಏಳು ರಶೀದಿ ಬಿಡಿಸಲು ಇಡ್ಲಿ ಪಾತ್ರೆಯ ಆವಿ ಹಿಡಿದೆ. ನೇರಳೆ ಮೊಹರು ಬದನೆಕಾಯಿ ಗೊಜ್ಜಿನ ಥರ ಹರಿದುಹೋಯಿತು. ಬೇಕಾಗಿದ್ದ ತಾರೀಖೇ ಹೋಯಿತು. ಈಗ ಅಂಟನ್ನು ಒಣಗಿದ ಹಾಗೇ ಹಿಂದಿನಿಂದ ಕೆರೆಯುತ್ತೇನೆ. ಯಾವುದರಿಂದ ಎಂಬುದು ನನ್ನ ಹತ್ತಿರವೇ ಇರಲಿ. ಪಿ.ವಿ.ಸಿ. ಪ್ಲಾಸ್ಟಿಕ್ ಕವರ್ ಅಂತೂ ಮುಟ್ಟಬೇಡಿ.

ಮಧ್ಯೆ ಸಂಗ್ರಹದ ಹುಡುಕಾಟದಲ್ಲಿ ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಆಶ್‌ವಿಲ್‌ಗೂ ಒಂದು ಸುತ್ತು ಹೋಗಿ ಬಂದೆ. 1930ರ ನವೆಂಬರ್‌ನಲ್ಲಿ ಬ್ಯಾಂಕ್ ಮುಳುಗಿ ನಗರದ ಠೇವಣಿಯೂ ಮುಳುಗಿದ ಊರು. ಸಾಲ ತೀರಿದ್ದು 1976ರಲ್ಲಿ, ಬಾಂಡುಗಳನ್ನು ಜನರೆದುರೇ ಸುಟ್ಟರು. ಸಂಗ್ರಾಹಕನಿಗೆ ಇದಕ್ಕಿಂತ ಸಂಕಟದ ಸುದ್ದಿ ಇದೆಯೇ? ವಾಷಿಂಗ್ಟನ್ ರಾಜ್ಯದ ಟೆನೈನೋ ಊರಿನ ಮರದ ನೋಟೂ ಒಂದು ತಂದೆ. ತೆಳು ಹಲಗೆ, ಬೆಂಗಳೂರಿನ ಜುಲೈಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ತೇವ ಹೀರುವ ಸಿಲಿಕಾ ಜೆಲ್ ಜಾಸ್ತಿ ಹಾಕಿದೆ, ಇನ್ನೊಂದು ಕಡೆಗೆ ಬಾಗಿತು. ಅದೂ ಅಲ್ಲದೆ ಅದನ್ನು ಹೊರಡಿಸಿದ್ದು ವ್ಯಾಪಾರಿಗಳ ಸಂಘ, ನಗರಸಭೆ ಅಲ್ಲ. ಶಿಕಾಗೋ ಪಾಠ ನೆನಪಿತ್ತು, ಫ್ರೇಮ್‌ಗೆ ಸೇರಿಸಲಿಲ್ಲ.

ಒಟ್ಟು 80 ಸಾವಿರದ ಆಸುಪಾಸು ಹೋಗಿದೆ. ಅದರಲ್ಲಿ ಅರ್ಧ ದಡ್ಡತನಕ್ಕೆ ಕಟ್ಟಿದ ಫೀಸು.

ಹನ್ನೊಂದನೇ ಹಾಳೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇನೆ. 1933ರ ಏಪ್ರಿಲ್ ಅಥವಾ ಮೇ ತಿಂಗಳ, ಡೆಟ್ರಾಯಿಟ್ ನಗರಸಭೆ ನೌಕರರ ಸಂಬಳದ ಲಕೋಟೆ ಬೇಕು. ಹರಿದಿದ್ದರೂ ನಡೆಯುತ್ತದೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬದಲಿಗೆ ಆ ಟೆನೈನೋ ಮರದ ನೋಟು ಕೊಡುತ್ತೇನೆ. ಸ್ವಲ್ಪ ಬಾಗಿದೆ, ಅಷ್ಟೇ.