ಕುಕುಯಿ ಕಾಯಿಯ ಮಾಲೆ: ನನ್ನ ಅನುಭವ

ಹವಾಯಿಯ ಒವಾಹು ದ್ವೀಪದಲ್ಲಿ ನಾವು ನೆಲೆಸಿದ ಮೇಲೆ, ಬೂದಿ ಬಳಿದಂತಹ ಎಳೆಹಸಿರು ಎಲೆಗಳಿಂದ ದೂರಕ್ಕೇ ಗುರುತು ಸಿಗುವ ಕುಕುಯಿ ಮರಗಳ ಅಡಿಯಲ್ಲಿ ಉದುರಿದ ಕಾಯಿಗಳನ್ನು ಆರಿಸಿ ಒಂದು ಮಾಲೆ ಮಾಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಹೂವಿನದಾಗಲಿ, ಬೀಜದ್ದಾಗಲಿ, ಕೊರಳ ಮಾಲೆಗೆ ಇಲ್ಲಿ ‘ಲೇ’ ಎನ್ನುತ್ತಾರೆ. ನಮ್ಮ ಹಾಲುವಾಣದ ಬಳಗಕ್ಕೆ ಸೇರಿದ ವಿಲಿವಿಲಿ ಮರದ ಕೆಂಪು ಬೀಜ ನನಗೆ ಇನ್ನೂ ಚಂದವೆನಿಸಿತ್ತಾದರೂ, 2005ರಲ್ಲಿ ಹೊರಗಿನಿಂದ ಬಂದ ಕಣಜವೊಂದರ ಹಾವಳಿಯಿಂದ ನಲುಗಿದ ಆ ಮರದ ಬೀಜವನ್ನು ಆರಿಸಲು ಮನಸ್ಸಾಗಲಿಲ್ಲ.

ಕುಕುಯಿಯ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುತ್ತದೆ. ಹಿಂದಿನವರು ಅದನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ದೀಪವಾಗಿ ಉರಿಸುತ್ತಿದ್ದರು. ಮಾಲೆ ಮಾಡುವವರಿಗೆ ಈ ಎಣ್ಣೆಯೇ ತಲೆನೋವು ಎಂಬುದು ನನಗೆ ತಿಳಿದದ್ದು ಮೊದಲ ಮಾಲೆ ಕೆಟ್ಟ ಮೇಲೆ. ಅವಸರದಲ್ಲಿ ತೂತು ಕೊರೆದು ದಾರ ಹಾಯಿಸಿ ಬೀರುವಿನಲ್ಲಿಟ್ಟಿದ್ದೆ. ಕೆಲವೇ ವಾರಗಳಲ್ಲಿ ಒಳಗುಳಿದ ತಿರುಳು ಕಮಟು ಹಿಡಿದು ಸೀರೆಗಳಿಗೆಲ್ಲ ವಾಸನೆ ಹತ್ತಿತು, ಜೊತೆಗೆ ಇರುವೆಗಳ ಸಾಲು. ನೆರೆಮನೆಯ ಹಿರಿಯರೊಬ್ಬರು (ಅವರನ್ನು ‘ಆಂಟಿ’ ಎನ್ನುತ್ತೇನೆ, ಹಿರಿಯ ಹೆಂಗಸರನ್ನು ಹಾಗೆ ಕರೆಯುವ ವಾಡಿಕೆ ಇಲ್ಲಿಯೂ ಇದೆ) ನಕ್ಕು, ಆ ಇರುವೆಗಳನ್ನೇ ಕೆಲಸಕ್ಕೆ ಹಚ್ಚು ಎಂದರು.

ಎರಡನೆಯ ಸಲ ನಲವತ್ತು ಕಾಯಿಗಳ ಎರಡೂ ತುದಿಗೆ ತೂತು ಕೊರೆದು, ಕೊಕ್ಕೆತಂತಿಯಿಂದ ತಿರುಳನ್ನು ಆದಷ್ಟು ಕೆದಕಿ ತೆಗೆದು, ಉಳಿದದ್ದನ್ನು ಇರುವೆ ಹುಳುಗಳು ತಿಂದು ಮುಗಿಸಲೆಂದು ಹಿತ್ತಲ ಮಣ್ಣಿನಲ್ಲಿ ಒಂದೂವರೆ ತಿಂಗಳು ಹೂತಿಟ್ಟೆ. ತೊಳೆದು ಒಣಗಿಸಿದಾಗ ಚಿಪ್ಪು ಹಗುರವಾಗಿತ್ತು, ವಾಸನೆಯೂ ಇರಲಿಲ್ಲ.

ಆಮೇಲಿನದು ಉಜ್ಜುವ ಕೆಲಸ. ಚಿಪ್ಪಿನ ಮೇಲಿನ ಏರುತಗ್ಗುಗಳನ್ನು ಅರದಿಂದ ಸವೆಸಿ, 80ನೇ ನಂಬರಿನ ಉಪ್ಪುಕಾಗದದಿಂದ ತೊಡಗಿ 220, 400, 600 ಎಂದು ನಯವಾದದ್ದಕ್ಕೆ ಏರುತ್ತ ಹೋದರೆ ಒಂದು ಕಾಯಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ದೂಳು ಮೂಗಿಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಗೆರೆ ಉಳಿದಿರುವಾಗಲೇ ನಯವಾದ ಕಾಗದಕ್ಕೆ ಹೋದರೆ ಆ ಗೆರೆ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಹಾಗೆ ಆತುರಪಟ್ಟು ಆರು ಕಾಯಿಗಳನ್ನು ಮತ್ತೆ ಮೊದಲಿನಿಂದ ಉಜ್ಜಿದೆ. ಅಂಗಡಿಯ ಮಾಲೆಗಳಂತೆ ವಾರ್ನಿಷ್ ಬಳಿಯುವುದು ನನಗೆ ಒಗ್ಗದ ಕಾರಣ, ಕುಕುಯಿ ಎಣ್ಣೆಯನ್ನೇ ಹತ್ತಿಬಟ್ಟೆಗೆ ಸವರಿ ತಿಕ್ಕಿದೆ.

ಕೊರೆಯುವಾಗ ಎಂಟು ಒಡೆದಿದ್ದವು. ಉಳಿದ ಮೂವತ್ತೆರಡನ್ನು ಕಪ್ಪು ರಿಬ್ಬನ್ನಿಗೆ ಪೋಣಿಸಿ, ಒಂದಕ್ಕೊಂದು ತಾಗದಂತೆ ನಡುನಡುವೆ ಗಂಟು ಹಾಕಿದೆ.