ಹಳೆ ಸಾಹಸ ಸಿನಿಮಾ: ರೀಲಿನ ಡಬ್ಬಿಯಿಂದ ನಮ್ಮನೆ ಟಿವಿವರೆಗೆ

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸೀಮೆಯ ಕಾರಾಪುರದಲ್ಲಿ, ಒಬ್ಬ ಮಾವುತನ ಮನೆಯಲ್ಲಿ. ಆನೆಗಳ ನಡುವೆ ಬೆಳೆದ ಆ ಹುಡುಗ 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಪುಟ್ಟ ಕಳ್ಳನಾಗಿದ್ದಾನೆ. ಸೀಸೆಯೊಳಗಿನ ಭೂತವನ್ನು ಹೊರಗೆ ಬಿಡುತ್ತಾನೆ, ದೈತ್ಯ ಜೇಡದ ಜತೆ ಕಾದಾಡುತ್ತಾನೆ, ಹಾರುವ ಚಾಪೆ ಏರುತ್ತಾನೆ. ನಾನು ಇದನ್ನು ಮೊದಲು ನೋಡಿದ್ದು ಸವೆದುಹೋದ ವಿಡಿಯೊ ಕ್ಯಾಸೆಟ್‌ನಲ್ಲಿ. ಕೆಂಪು ಬಣ್ಣ ಅಂಚು ದಾಟಿ ಹರಡಿತ್ತು. ಮಾತು ಕೊಡದೊಳಗಿಂದ ಬಂದ ಹಾಗಿತ್ತು. ಎಷ್ಟೋ ವರ್ಷದ ಮೇಲೆ ಚೆನ್ನಾಗಿ ತಯಾರಾದ ಡಿಸ್ಕ್ ಹಾಕಿದಾಗ ಸಾಬು ಕಣ್ಣಿನ ತುಂಟತನ ಕಂಡಿತು. ನಮ್ಮೂರ ಕಡೆಯ ಹುಡುಗನನ್ನು ಅವತ್ತೇ ಸರಿಯಾಗಿ ನೋಡಿದೆ ಅನ್ನಿಸಿತು.

ಹಾಳಾದ ಹಳೆ ಫಿಲ್ಮನ್ನು ಹೀಗೆ ಸರಿಮಾಡುವ ಕೆಲಸಕ್ಕೆ ರಿಸ್ಟೋರೇಷನ್ ಎನ್ನುತ್ತಾರೆ. ‘ಹಳೆಯದನ್ನು ಹೊಸದು ಮಾಡುವುದು’ ಎಂದು ಜಾಹೀರಾತಿನಲ್ಲಿ ಬರೆಯುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅಜ್ಜಿ ಕಾಲದ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತೇವೆ, ಅರ ಹಾಕಿ ತಿಕ್ಕುವುದಿಲ್ಲ. ಇಲ್ಲೂ ಹಾಗೆಯೇ. ಎಷ್ಟು ತೊಳೆಯಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದೇ ಪ್ರತಿ ಹಂತದ ಪ್ರಶ್ನೆ.

ಮೊದಲು ಮೂಲ ಹುಡುಕುವುದು

ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ಸಿಕ್ಕರೆ ಅರ್ಧ ಗೆದ್ದ ಹಾಗೆ. ಥಿಯೇಟರಿಗೆ ಬಂದ ಪ್ರಿಂಟು ಅದರ ಕಾಪಿಯ ಕಾಪಿ. ಜೆರಾಕ್ಸ್‌ನ ಜೆರಾಕ್ಸ್ ತೆಗೆದರೆ ಅಕ್ಷರ ಮಸುಕಾಗುತ್ತದಲ್ವಾ, ಹಾಗೆ. 1950ರ ಆಸುಪಾಸಿನವರೆಗೆ 35 ಎಂಎಂ ಸಿನಿಮಾಕ್ಕೆ ಬಳಸುತ್ತಿದ್ದದ್ದು ನೈಟ್ರೇಟ್ ಫಿಲ್ಮ್. ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಆಮೇಲೆ ಬಂದ ಅಸಿಟೇಟ್ ಫಿಲ್ಮ್‌ಗೆ ಬೇರೆ ರೋಗ. ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ ಹೊಡೆದರೆ ಅದು ಕೊಳೆಯಲು ಶುರುವಾಗಿದೆ ಎಂದು ಅರ್ಥ.

ಕೆಲವೊಮ್ಮೆ ಮೂಲವೇ ಕತ್ತರಿಗೆ ಸಿಕ್ಕಿರುತ್ತದೆ. 1962ರಲ್ಲಿ ಬಂದ ‘ಲಾರೆನ್ಸ್ ಆಫ್ ಅರೇಬಿಯಾ’ 222 ನಿಮಿಷದ ಚಿತ್ರ. ನಮ್ಮ ಐ.ಎಸ್. ಜೋಹರ್ ಮರುಭೂಮಿಯಲ್ಲಿ ದಾರಿ ತಪ್ಪುವ ಗಾಸಿಮ್ ಆಗಿ ನಟಿಸಿದ್ದು ಇದರಲ್ಲೇ. ಬಿಡುಗಡೆಯಾದ ಮೇಲೆ ಅದನ್ನು ಕತ್ತರಿಸುತ್ತಾ ಬಂದು 187 ನಿಮಿಷಕ್ಕೆ ಇಳಿಸಿದರು. ಹಳೆ ಚಿತ್ರಗಳನ್ನು ಸರಿಮಾಡುವ ರಾಬರ್ಟ್ ಹ್ಯಾರಿಸ್, ಬಿಟ್ಟುಹೋದ ತುಣುಕುಗಳನ್ನು ಹುಡುಕಿ ಜೋಡಿಸಿ, 1989ರಲ್ಲಿ ಚಿತ್ರವನ್ನು ಮತ್ತೆ ತೆರೆಗೆ ತಂದರು. ನಿರ್ದೇಶಕ ಡೇವಿಡ್ ಲೀನ್ ಆಗ ಬದುಕಿದ್ದರು, ಜತೆಗೆ ನಿಂತರು.

ತೊಳೆದು ಸ್ಕ್ಯಾನ್ ಮಾಡುವುದು

ಫಿಲ್ಮಿನ ಅಂಚಿನ ಹರಿದ ತೂತುಗಳನ್ನು, ಬಿಟ್ಟುಕೊಂಡ ಜೋಡಣೆಗಳನ್ನು ಕೈಯಲ್ಲೇ ಸರಿಮಾಡುತ್ತಾರೆ. ತೊಳೆದ ಮೇಲೆ ಸ್ಕ್ಯಾನಿಂಗ್. ಗೀರು ಜಾಸ್ತಿ ಇದ್ದರೆ ಫಿಲ್ಮನ್ನು ಒಂದು ದ್ರವದಲ್ಲಿ ಮುಳುಗಿಸಿಯೇ ಸ್ಕ್ಯಾನ್ ಮಾಡುತ್ತಾರೆ. ಗೀರು ಬಿದ್ದ ಕಡಪ ಕಲ್ಲಿನ ಮೇಲೆ ನೀರು ಸುರಿದು ನೋಡಿ. ಒದ್ದೆ ಇರುವಷ್ಟು ಹೊತ್ತು ಗೀರು ಕಾಣುವುದಿಲ್ಲ. ಇದೂ ಅದೇ ಉಪಾಯ. ಆದರೆ ಗೀರು ಚಿತ್ರದ ಪದರಕ್ಕೇ ಇಳಿದಿದ್ದರೆ ದ್ರವದಿಂದ ಪ್ರಯೋಜನವಿಲ್ಲ.

ಸಾಬು ಚಿತ್ರದ ಉದ್ದ 106 ನಿಮಿಷ. ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರದಂತೆ, 1,52,640 ಫ್ರೇಮುಗಳು. ಇಲ್ಲಿಗೇ ಮುಗಿಯುವುದಿಲ್ಲ. ಅದು ಆ ಕಾಲದ ಟೆಕ್ನಿಕಲರ್ ಚಿತ್ರ. ಕ್ಯಾಮೆರಾದೊಳಗಿನ ಪ್ರಿಸಂ ಬೆಳಕನ್ನು ಒಡೆದು ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳಿಗೆ ಕಳಿಸುತ್ತಿತ್ತು. ಒಂದು ಕೆಂಪಿಗೆ, ಒಂದು ಹಸಿರಿಗೆ, ಒಂದು ನೀಲಿಗೆ. ಹಾಗಾಗಿ ಮೂರನ್ನೂ ಸ್ಕ್ಯಾನ್ ಮಾಡಬೇಕು.

ಎಂಬತ್ತು ವರ್ಷದಲ್ಲಿ ಈ ಮೂರು ಸುರುಳಿ ಒಂದೇ ಸಮ ಕುಗ್ಗಿರುವುದಿಲ್ಲ. ಸುಮ್ನೆ ಒಂದರ ಮೇಲೊಂದು ಇಟ್ಟರೆ ಮುಖದ ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ಹಸಿರು. ಬಣ್ಣ ಜರುಗಿ ಅಚ್ಚಾದ ಹಳೆ ಕ್ಯಾಲೆಂಡರ್ ದೇವರ ಪಟ ನೋಡಿದ್ದೀರಲ್ಲ, ಹಾಗೆ. ಇದನ್ನು ಕಂಪ್ಯೂಟರಿನಲ್ಲಿ ಫ್ರೇಮು ಫ್ರೇಮಿಗೂ ಹಿಗ್ಗಿಸಿ, ಬಾಗಿಸಿ ಕೂಡಿಸುತ್ತಾರೆ. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರಕ್ಕೆ ವಾರ್ನರ್ ಸಂಸ್ಥೆ ಹೀಗೆ ಮಾಡಿಸಿತು. ಕಾಡಿನ ಹಸಿರಲ್ಲಿ ಎಲೆ ಎಲೆ ಬೇರೆಯಾಗಿ ಕಂಡಿದ್ದು ಆಗಲೇ.

ಕೊಳೆ ತೆಗೆಯುವಾಗ ಕತ್ತಿಯ ಮೇಲೆ ಕಣ್ಣಿರಲಿ

ಇಡೀ ಕೆಲಸದಲ್ಲಿ ಕೈ ತಪ್ಪುವುದು ಇಲ್ಲೇ ಜಾಸ್ತಿ.

ಧೂಳಿನ ಚುಕ್ಕೆ ಸಾಮಾನ್ಯವಾಗಿ ಒಂದೇ ಫ್ರೇಮಿನಲ್ಲಿರುತ್ತದೆ. ಹಿಂದಿನದರಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ. ಸಾಫ್ಟ್‌ವೇರ್ ಮೂರನ್ನೂ ಹೋಲಿಸಿ, ನಡುವಿನ ಚುಕ್ಕೆಗೆ ಅಕ್ಕಪಕ್ಕದ ಫ್ರೇಮಿನಿಂದ ತೇಪೆ ಹಾಕುತ್ತದೆ. ಮಾತುಕತೆಯ ದೃಶ್ಯಕ್ಕೆ ಇದು ಸಾಕು. ಕತ್ತಿವರಸೆಗೆ ಸಾಲದು. ಬೀಸಿದ ಕತ್ತಿಯ ತುದಿ ಒಂದು ಫ್ರೇಮಿನಲ್ಲಿ ಮಿಂಚಿ ಮುಂದಿನದರಲ್ಲಿ ಇನ್ನೆಲ್ಲೋ ಇರುತ್ತದೆ. ಬಾಣ, ಕಿಡಿ, ಕುದುರೆ ಗೊರಸಿನಿಂದ ಚಿಮ್ಮಿದ ಮಣ್ಣು, ಎಲ್ಲವೂ ಹಾಗೆಯೇ. ಯಂತ್ರದ ಲೆಕ್ಕದಲ್ಲಿ ಇವೆಲ್ಲ ಕೊಳೆ. ಅಳಿಸಿಬಿಡುತ್ತದೆ. ಆಗ ವೀರನ ಕೈಯಲ್ಲಿ ಮೊಂಡು ಕತ್ತಿ. ನೋಡುವವರಿಗೆ ಏನು ಕಡಿಮೆಯಾಯಿತು ಅಂತ ಗೊತ್ತಾಗುವುದಿಲ್ಲ, ಕಾದಾಟ ಮಾತ್ರ ಸಪ್ಪೆ ಅನ್ನಿಸುತ್ತದೆ. ಅದಕ್ಕೇ ಸಾಹಸ ದೃಶ್ಯಗಳನ್ನು ಯಂತ್ರಕ್ಕೆ ಬಿಡದೆ, ಒಬ್ಬರು ಕೂತು ಒಂದೊಂದೇ ಫ್ರೇಮು ನೋಡಬೇಕು.

ಗ್ರೇನ್ ವಿಷಯವೂ ಇಲ್ಲೇ ಬರುತ್ತದೆ. ಫಿಲ್ಮಿನ ಚಿತ್ರದಲ್ಲಿ ಸಣ್ಣ ಸಣ್ಣ ಕಣ ಕುದಿಯುವ ಹಾಗೆ ಕಾಣುತ್ತದಲ್ಲ, ಅದು ಗ್ರೇನ್. ಅದನ್ನು ಗಲೀಜು ಎಂದುಕೊಂಡು ಪೂರ್ತಿ ಒರೆಸಿದರೆ ಮುಖಗಳು ಮೇಣದ ಗೊಂಬೆಯಾಗುತ್ತವೆ. ಏಕೆಂದರೆ ಚಿತ್ರ ಮೂಡಿರುವುದೇ ಆ ಕಣಗಳಿಂದ. ‘ಲಾರೆನ್ಸ್’ನಲ್ಲಿ ಒಮರ್ ಷರೀಫ್ ಮೊದಲು ಕಾಣುವ ದೃಶ್ಯ ನೆನಪಿಸಿಕೊಳ್ಳಿ. ದೂರದ ಬಿಸಿಲ್ಗುದುರೆಯಲ್ಲಿ ಎಳ್ಳು ಕಾಳಿನಷ್ಟು ಕಪ್ಪು ಚುಕ್ಕೆ. ನಡುಗುತ್ತಾ, ಉದ್ದವಾಗುತ್ತಾ ಒಂಟೆ ಸವಾರನಾಗುತ್ತದೆ. ಆ ನಡುಕ ಒರೆಸಿಹೋದರೆ ಆ ದೃಶ್ಯವೇ ಇಲ್ಲ. 2012ರಲ್ಲಿ ಸೋನಿ ಸಂಸ್ಥೆ ಅದರ 65 ಎಂಎಂ ನೆಗೆಟಿವನ್ನು 8ಕೆ ಗುಣಮಟ್ಟದಲ್ಲಿ, ಅಂದರೆ ಅಡ್ಡಕ್ಕೆ ಸುಮಾರು ಎಂಟು ಸಾವಿರ ಚುಕ್ಕೆ ಬರುವ ಹಾಗೆ, ಸ್ಕ್ಯಾನ್ ಮಾಡಿಸಿತು. ಚಿತ್ರದ ಪದರದಲ್ಲಿ ಬತ್ತಿದ ಕೆರೆಯ ಹಾಗೆ ಕೂದಲೆಳೆ ಬಿರುಕುಗಳಿದ್ದವು. ಅವನ್ನು ಮುಚ್ಚಿದರು, ಗ್ರೇನ್ ಉಳಿಸಿದರು.

ಹಾರುವ ಚಾಪೆಗೆ ಕಟ್ಟಿದ ತಂತಿ ಕಂಡರೆ? ನಾನು ಬಿಡಿ ಎನ್ನುತ್ತೇನೆ. ಆ ಚಾಪೆಯನ್ನು ಹಾಗೆಯೇ ಹಾರಿಸಿದ್ದು. ಅಂದಿನವರ ಕೈಚಳಕ ಅಳಿಸುವ ಹಕ್ಕು ನಮಗಿಲ್ಲ.

ಬಣ್ಣಕ್ಕೆ ಅಂದಾಜು ನಡೆಯುವುದಿಲ್ಲ. ಆ ಕಾಲದ ಟೆಕ್ನಿಕಲರ್ ಪ್ರಿಂಟು ಸಿಕ್ಕರೆ ಅದನ್ನು ಪಕ್ಕದಲ್ಲೇ ಓಡಿಸಿ ಹೋಲಿಸಬೇಕು. ಆ ಪ್ರಿಂಟುಗಳಿಗೆ ಹಾಕುತ್ತಿದ್ದ ಬಣ್ಣ ಅಷ್ಟು ಸುಲಭವಾಗಿ ಮಾಸುವುದಿಲ್ಲ.

ದನಿ

ಆಗಿನ ಪ್ರಿಂಟಿನ ಧ್ವನಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ಅಲ್ಲಿ ಧೂಳು ಕೂತರೆ ಟಪ್ ಟಪ್ ಸದ್ದು, ಸವೆದರೆ ಸುಯ್ಯ್ ಎಂಬ ಸದ್ದು. ಟಪ್ ಸದ್ದನ್ನು ಒಂದೊಂದಾಗಿ ಕತ್ತರಿಸಬಹುದು. ಸುಯ್ಯ್ ಸದ್ದನ್ನು ತಗ್ಗಿಸಬೇಕೇ ಹೊರತು ಪೂರ್ತಿ ಕೊಲ್ಲಬಾರದು. ಕೊಂದರೆ ಅದರ ಜತೆ ‘ಸ’, ‘ಶ’ಗಳೂ ಹೋಗಿ, ನಟರು ಬಾವಿಯೊಳಗಿಂದ ಮಾತಾಡಿದ ಹಾಗಾಗುತ್ತದೆ.

‘ಲಾರೆನ್ಸ್’ಗೆ ಮತ್ತೆ ಸೇರಿಸಿದ ಕೆಲವು ತುಣುಕುಗಳಿಗೆ ಮಾತೇ ಇರಲಿಲ್ಲ. ಕಾಲು ಶತಮಾನದ ಮೇಲೆ ಪೀಟರ್ ಒಟೂಲ್, ಅಲೆಕ್ ಗಿನ್ನೆಸ್ ಬಂದು ತಮ್ಮದೇ ಮಾತುಗಳನ್ನು ಮತ್ತೆ ಹೇಳಿದರು. ವಯಸ್ಸಾದ ದನಿಯನ್ನು ಯಂತ್ರದಲ್ಲಿ ಹದ ಮಾಡಿ ಹಳೆಯದಕ್ಕೆ ಹೊಂದಿಸಿದರು. ಇನ್ನೊಬ್ಬ ನಟ ಜ್ಯಾಕ್ ಹಾಕಿನ್ಸ್ ತೀರಿಕೊಂಡಿದ್ದರು. ಅವರ ಮಾತನ್ನು ಚಾರ್ಲ್ಸ್ ಗ್ರೇ ಹೇಳಿದರು.

ಕೊನೆಗೆ ಡಿಸ್ಕ್, ಆಮೇಲೆ ನಿಮ್ಮ ರಿಮೋಟು

ನಮ್ಮಲ್ಲಿ ಸಿಗುತ್ತಿದ್ದ ಪಾಲ್ (ನಮ್ಮ ಹಳೆ ಟಿವಿಗಳ ಪದ್ಧತಿ) ಡಿವಿಡಿಯಲ್ಲಿ 24 ಫ್ರೇಮಿನ ಚಿತ್ರ 25ರ ವೇಗದಲ್ಲಿ ಓಡುತ್ತದೆ. 106 ನಿಮಿಷದ್ದು 102ಕ್ಕೇ ಮುಗಿಯುತ್ತದೆ, ದನಿಯೂ ಸ್ವಲ್ಪ ಏರುತ್ತದೆ. ಬ್ಲೂ-ರೇಯಲ್ಲಿ ಈ ತೊಂದರೆ ಇಲ್ಲ, ಮೂಲ ವೇಗದಲ್ಲೇ ಕೂರಿಸಬಹುದು. ಇನ್ನೊಂದು ಲಾಭವೂ ಇದೆ. ಪ್ರತಿ ಕ್ಷಣ ಬದಲಾಗುವ ಗ್ರೇನ್‌ಗೆ ಡೇಟಾ ತುಂಬಾ ಬೇಕು. ಡಿವಿಡಿಯಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 9.8 ಮೆಗಾಬಿಟ್ ಒಳಗೆ, ಬ್ಲೂ-ರೇಯಲ್ಲಿ 40ರವರೆಗೆ. ಜಾಗ ಸಾಲದಿದ್ದರೆ ಕಣಗಳು ಚೌಕ ಚೌಕ ಕಲೆಗಳಾಗುತ್ತವೆ.

ಇನ್ನು ನಿಮ್ಮ ಟಿವಿ. ಸೆಟಿಂಗ್ಸ್‌ನಲ್ಲಿ ಫಿಲ್ಮ್‌ಮೇಕರ್ ಮೋಡ್ (ಚಿತ್ರವನ್ನು ಮಾಡಿದವರು ಬಯಸಿದ ಹಾಗೆ ತೋರಿಸುವ ಆಯ್ಕೆ) ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೋಷನ್ ಸ್ಮೂದಿಂಗ್ (ಇಲ್ಲದ ಫ್ರೇಮುಗಳನ್ನು ಟಿವಿಯೇ ನಡುವೆ ಸೇರಿಸುವುದು) ಮತ್ತು ನಾಯ್ಸ್ ರಿಡಕ್ಷನ್ (ಗ್ರೇನ್ ಒರೆಸುವುದು) ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ಸಾಬು ಕಾಲದ ಚಿತ್ರ ಹೆಚ್ಚುಕಡಿಮೆ ಚೌಕವಾಗಿರುತ್ತದೆ, ಎರಡು ಪಕ್ಕ ಕಪ್ಪು ಪಟ್ಟಿ ಇದ್ದೇ ಇರುತ್ತದೆ. ಪರದೆ ತುಂಬಲಿ ಎಂದು ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಆಡಿಯೊ ಮೆನುವಿನಲ್ಲಿ ಮೂಲ ಮೊನೊ (ಒಂದೇ ವಾಹಿನಿಯ ದನಿ) ಟ್ರ್ಯಾಕ್ ಇದ್ದರೆ ಮೊದಲು ಅದನ್ನೇ ಕೇಳಿ.

ಇಷ್ಟಾದ ಮೇಲೆ ಒಂದು ಕತ್ತಿವರಸೆ ದೃಶ್ಯ ಹಾಕಿ. ಪಾಜ್ ಒತ್ತಿ, ಒಂದೊಂದೇ ಫ್ರೇಮು ಮುಂದೆ ಸರಿಸಿ. ಕತ್ತಿಗೆ ಎಲ್ಲ ಫ್ರೇಮಿನಲ್ಲೂ ತುದಿ ಇದ್ದರೆ ಆ ಡಿಸ್ಕ್ ಮಾಡಿದವರು ಕೂತು ನೋಡಿದ್ದಾರೆ.